ಕಿಣ್ವದ ಬಾಯಿ ಮುಚ್ಚುವ ಔಷಧಿ

ಜೀವಕೋಶದೊಳಗೆ ಒಂದು ಕಿಣ್ವವಿದೆ. ಸವೆದ, ಕೆಟ್ಟ, ತಪ್ಪಾಗಿ ಮಡಚಿಕೊಂಡ ಪ್ರೋಟೀನುಗಳನ್ನು ಹಿಡಿದು ಚೂರು ಮಾಡಿ, ಆ ಚೂರುಗಳನ್ನೇ ಹೊಸ ಪ್ರೋಟೀನು ಕಟ್ಟಲು ವಾಪಸ್ಸು ಕೊಡುವುದು ಅದರ ಕೆಲಸ. ಶಿವಮೊಗ್ಗದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರಾಗಿದ್ದ ನಾನು ಈ ಭಾಗವನ್ನು ಪ್ರತಿ ವರ್ಷ ಗಡಿಬಿಡಿಯಲ್ಲಿ ಮುಗಿಸುತ್ತಿದ್ದೆ. ಪರೀಕ್ಷೆಗೆ ಬರುವುದಿಲ್ಲ ಎಂದು ಗೊತ್ತಾದ ಕೂಡಲೇ ಹುಡುಗರು ಪೆನ್ನಿನ ಕ್ಯಾಪು ಹಾಕುತ್ತಿದ್ದರು. ನನಗೂ ಅದರಿಂದ ಏನೂ ಬೇಜಾರಿರಲಿಲ್ಲ, ಬೆಲ್ಲು ಹೊಡೆದರೆ ಸಾಕಾಗಿರುತ್ತಿತ್ತು. ಆಮೇಲೆ ಅದೇ ಕಿಣ್ವ ಭದ್ರಾವತಿಯ ಜನ್ನಾಪುರದಲ್ಲಿದ್ದ ನಮ್ಮಣ್ಣನ ಮನೆಗೆ ಬಂದು ಕೂತಿತು. ಅಣ್ಣ ಹೋದ ಮೇಲೂ ಎದ್ದು ಹೋಗಲಿಲ್ಲ. ಅದರ ಬಗ್ಗೆ ನನಗೆ ತಡವಾಗಿ ಗೊತ್ತಾದ ಒಂದು ಸಂಗತಿಯನ್ನು ಅತ್ತಿಗೆಗೆ ಹೇಳಬೇಕೋ ಬೇಡವೋ ಎಂದು ನಾನು ಒಂದಿಡೀ ಮಳೆಗಾಲ ಒದ್ದಾಡಿದ್ದೇನೆ.

ಅಣ್ಣ ನನಗಿಂತ ಬಹಳ ದೊಡ್ಡವನು. ಮಾಚೇನಹಳ್ಳಿಯ ಒಂದು ಸಣ್ಣ ಫೌಂಡ್ರಿಯಲ್ಲಿ ತಪಾಸಣೆಯ ಕೆಲಸ. ಎರಕ ಹೊಯ್ದು ಆರಿದ ಕಬ್ಬಿಣದ ತುಂಡುಗಳನ್ನು ಚಿಕ್ಕ ಸುತ್ತಿಗೆಯಲ್ಲಿ ತಟ್ಟಿ ಶಬ್ದ ಕೇಳಬೇಕು, ತಿರುಗಿಸಿ ನೋಡಬೇಕು, ಒಳಗೆ ಗುಳ್ಳೆಯೋ ಬಿರುಕೋ ಇದೆ ಅನ್ನಿಸಿದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ತಳ್ಳಬೇಕು. ಕೆಂಪು ಬಿದ್ದದ್ದು ಮತ್ತೆ ಕುಲುಮೆಗೆ. ಮನೆಗೆ ಬಂದರೂ ಆ ಕೈ ಸುಮ್ಮನಿರುತ್ತಿರಲಿಲ್ಲ. ಹೊಸ ಪಾತ್ರೆ ತಂದರೆ ತಟ್ಟುತ್ತಿದ್ದ, ತೆಂಗಿನಕಾಯಿ ತಟ್ಟುತ್ತಿದ್ದ, ನನ್ನ ರಿಸಲ್ಟ್ ಬಂದ ದಿನ ನನ್ನ ತಲೆ ತಟ್ಟಿ, ‘ಪೊಳ್ಳು ಅನ್ನಿಸ್ತಿಲ್ಲ, ಬಿಡು, ಪಾಸು’ ಅಂದಿದ್ದ.

ತೊಂಬತ್ತರ ದಶಕದ ಮೊದಲಲ್ಲಿ ಅತ್ತಿಗೆ ಆ ಮನೆಗೆ ಬಂದಾಗ ನಾನು ಅಲ್ಲೇ ಇದ್ದು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಓಡಾಡಿ ಡಿಗ್ರಿ ಓದುತ್ತಿದ್ದೆ. ಅವರಿಗೆ ಮಕ್ಕಳಾಗಲಿಲ್ಲ. ಹಾಗಾಗಿ ನನ್ನನ್ನು ಬೈಯುವ ಕೆಲಸವೆಲ್ಲ ಅತ್ತಿಗೆ ಪೂರ್ತಿಯಾಗಿ ವಹಿಸಿಕೊಂಡರು. ನಾನು ಕೆಲಸ ಸಿಕ್ಕಿ, ಮದುವೆಯಾಗಿ, ಶಿವಮೊಗ್ಗದಲ್ಲಿ ಬೇರೆ ಮನೆ ಮಾಡಿದ ಮೇಲೂ ಬೈಗುಳ ನಿಲ್ಲಲಿಲ್ಲ. ಅವರದು ಎಲ್ಲದಕ್ಕೂ ಒಂದು ಕ್ರಮ. ಸೋಮವಾರ ಉಪವಾಸ, ಪೂಜೆಯಾಗದೆ ಒಲೆ ಹಚ್ಚುವುದಿಲ್ಲ, ಊಟಕ್ಕೆ ಕೂತವರು ಏಳುವ ಮೊದಲು ಎಲೆ ತೆಗೆಯುವುದಿಲ್ಲ. ನನಗೆ ಇವೆಲ್ಲ ತಮಾಷೆಯಾಗಿ ಕಾಣುತ್ತಿದ್ದವು. ವಿಜ್ಞಾನ ಓದಿದವನಲ್ಲವೇ, ಸ್ವಲ್ಪ ಕೊಬ್ಬು ಇತ್ತು.

ಹೊಸ ಶತಮಾನ ಬಂದ ಒಂದೆರಡು ವರ್ಷಕ್ಕೆ ಅಣ್ಣನಿಗೆ ಬೆನ್ನುನೋವು ಶುರುವಾಯಿತು. ದಿನವೂ ಕಬ್ಬಿಣ ಎತ್ತುವವನಿಗೆ ಬೆನ್ನು ನೋಯದೆ ಇನ್ನೇನು ಎಂದು ಎಲ್ಲರೂ ಅಂದೆವು. ಅತ್ತಿಗೆ ಎಣ್ಣೆ ಬಿಸಿ ಮಾಡಿ ನೀವಿದರು. ಎಣ್ಣೆ ಬದಲಾಯಿತು, ನೋವು ಬದಲಾಗಲಿಲ್ಲ. ಒಂದು ಬೆಳಗ್ಗೆ ಮುಖ ತೊಳೆಯುತ್ತ ನಿಂತವನು ಜೋರಾಗಿ ಸೀನಿದ, ಪಕ್ಕೆಯ ಎಲುಬು ಮುರಿಯಿತು. ಸೀನಿದರೆ ಎಲುಬು ಮುರಿಯುತ್ತದೆ ಎಂದರೆ ಅದು ಕಬ್ಬಿಣ ಎತ್ತಿದ ನೋವಲ್ಲ ಎಂಬುದು ಆಗ ನಮಗೂ ಹೊಳೆಯಿತು. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಮೂಳೆಯೊಳಗಿನ ಮಜ್ಜೆ ತೆಗೆದರು, ಮೈಲೋಮಾ ಎಂದರು. ಅದು ಮಜ್ಜೆಯ ಕ್ಯಾನ್ಸರು. ರೋಗಗಳ ವಿರುದ್ಧ ಪ್ರೋಟೀನು ತಯಾರಿಸುವ ಒಂದು ಜಾತಿಯ ರಕ್ತಕಣಕ್ಕೆ ಹುಚ್ಚು ಹಿಡಿದು, ಯಾವ ಕೆಲಸಕ್ಕೂ ಬಾರದ ಒಂದೇ ಪ್ರೋಟೀನನ್ನು ಹಗಲೂ ರಾತ್ರಿ ಮಾಡಿ ಮಾಡಿ ಸುರಿಯುತ್ತದೆ. ಮೂಳೆ ಸವೆಯುತ್ತದೆ, ಮೂತ್ರಪಿಂಡ ಕಟ್ಟಿಕೊಳ್ಳುತ್ತದೆ.

ಮೊದಲು ಮಾತ್ರೆ ಕೊಟ್ಟರು. ಸ್ವಲ್ಪ ಕಾಲ ತಡೆಯಿತು, ಆಮೇಲೆ ತಡೆಯಲಿಲ್ಲ. ಆಗ ಡಾಕ್ಟರು, ಹೊಸದಾಗಿ ಒಂದು ಇಂಜೆಕ್ಷನ್ ಬಂದಿದೆ, ಜೀವಕೋಶದಲ್ಲಿ ಪ್ರೋಟೀನು ಒಡೆಯುವ ಕಿಣ್ವವನ್ನೇ ತಡೆಯುತ್ತದೆ, ನೋಡೋಣ ಎಂದರು. ನಾನು ಕುರ್ಚಿಯಲ್ಲೇ ನೆಟ್ಟಗೆ ಕೂತೆ. ಹುಡುಗರು ಪೆನ್ನು ಕೆಳಗಿಡುತ್ತಿದ್ದ ಅದೇ ಪಾಠ.

ಆ ದಿನ ವಾಪಸ್ಸು ಬರುವಾಗ ಅಣ್ಣ ಕೇಳಿದ, ‘ಅದೆಂತದೋ ಕಿಣ್ವ ಅಂದ್ರಲ್ಲ ಮಾರಾಯ, ನಿನಗೆ ಗೊತ್ತಿರೋದೇ ತಾನೆ? ಬಿಡಿಸಿ ಹೇಳು.’

ನಾನು ಹೇಳಿದೆ. ಕೋಶದಲ್ಲಿ ಒಂದು ಪ್ರೋಟೀನು ಕೆಟ್ಟರೆ ಅದರ ಮೇಲೆ ಒಂದು ಗುರುತು ಬೀಳುತ್ತದೆ. ಗುರುತು ಬಿದ್ದದ್ದನ್ನು ಆ ಕಿಣ್ವ ಒಳಗೆಳೆದುಕೊಂಡು ಚೂರು ಮಾಡುತ್ತದೆ.

‘ಕೆಂಪು ಬಣ್ಣ ಬಳಿದು ಕುಲುಮೆಗೆ ಹಾಕ್ದಂಗೆ.’

‘ಹೌದು, ಹಾಗೇ.’

‘ಈ ಇಂಜೆಕ್ಷನ್ ಕುಲುಮೆ ಬಾಯಿ ಮುಚ್ಚುತ್ತೆ. ಅಲ್ವಾ?’

‘ಮುಚ್ಚುತ್ತೆ. ನಿನ್ನ ಕಾಯಿಲೆಯ ಕೋಶಗಳು ವಿಪರೀತ ಮಾಲು ಮಾಡ್ತವೆ, ಅದಕ್ಕೇ ಅವುಕ್ಕೆ ಕಸಾನೂ ವಿಪರೀತ. ಅದನ್ನ ಒಡೆಯೋಕೆ ಆಗದೇ ಇದ್ರೆ ಕಸದಲ್ಲೇ ಉಸಿರು ಕಟ್ಟಿ ಸಾಯ್ತವೆ. ಬೇರೆ ಕೋಶಗಳು ಹೆಂಗೋ ತಡ್ಕೊಳ್ತವೆ.’

ಅವನು ಹೊರಗೆ ನೋಡುತ್ತ ತಲೆದೂಗಿದ. ‘ನಮ್ಮಲ್ಲೂ ಒಂದ್ಸಲ ಹಂಗೇ ಆಗಿತ್ತು. ಕುಲುಮೆ ಒಳಗಿನ ಇಟ್ಟಿಗೆ ಬಿದ್ದು ಅದು ನಿಂತೋಯ್ತು. ರಿಜೆಕ್ಟ್ ಮಾಲು ಅಂಗಳದ ತುಂಬ ಬಿದ್ದು ಲಾರಿ ಒಳಗೆ ಬರೋಕೂ ಜಾಗ ಇರ್ಲಿಲ್ಲ. ಒಳ್ಳೇ ಉಪಾಯ ಕಂಡುಹಿಡ್ದಿದಾರೆ ಬಿಡು.’ ಅಂದ. ಕಾಯಿಲೆ ತನ್ನದೇ ಎಂಬುದು ಮರೆತವನ ಹಾಗೆ ಖುಷಿಪಟ್ಟ. ನನಗೆ ಆ ಖುಷಿ ನೋಡಿ ಅಳು ಬಂತು.

ಮೊದಲ ಸುತ್ತು ಘಟ್ಟದ ಕೆಳಗೇ ಆಯಿತು. ಆಮೇಲೆ ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿನಲ್ಲೇ ಕೊಡಲು ಏರ್ಪಾಡಾಯಿತು. ಸೋಮವಾರ ಮತ್ತು ಗುರುವಾರ, ಎರಡು ವಾರ, ಆಮೇಲೆ ಒಂದು ವಾರ ರಜೆ, ಮತ್ತೆ ಶುರು. ಪಕ್ಕದ ಮನೆಯ ಭಾಯಿ ಬಾಡಿಗೆಗೆ ಓಮ್ನಿ ಓಡಿಸುತ್ತಿದ್ದವರು, ಅಣ್ಣನನ್ನು ಹಿಂದಿನ ಸೀಟಿನಲ್ಲಿ ದಿಂಬು ಕೊಟ್ಟು ಒರಗಿಸಿಕೊಂಡು, ಮಾಚೇನಹಳ್ಳಿಯ ರಸ್ತೆಯ ಒಂದೊಂದು ಗುಂಡಿಯನ್ನೂ ಬಳಸಿಕೊಂಡು ಕರೆತರುತ್ತಿದ್ದರು. ನಾನು ಕಾಲೇಜಿನಿಂದ ನೇರ ಅಲ್ಲಿಗೆ ಹೋಗುತ್ತಿದ್ದೆ. ಇಂಜೆಕ್ಷನ್ ಕೊಡಲು ಹಿಡಿಯುತ್ತಿದ್ದದ್ದು ಕ್ಷಣ ಮಾತ್ರ. ಅದಕ್ಕೆ ಮುಂಚಿನ ರಕ್ತಪರೀಕ್ಷೆಗೇ ಬೆಳಗ್ಗೆಯೆಲ್ಲ ಕಾಯಬೇಕಿತ್ತು.

ಕೆಲಸ ಮಾಡಿತು. ಅದನ್ನು ಇಲ್ಲವೆನ್ನಲಾರೆ. ರಕ್ತದಲ್ಲಿದ್ದ ಆ ಕೆಟ್ಟ ಪ್ರೋಟೀನಿನ ಪ್ರಮಾಣ ಇಳಿಯಿತು, ಬೆನ್ನುನೋವು ಇಳಿಯಿತು, ಅಣ್ಣ ಒಂದು ಸಂಜೆ ಯಾರ ಹೆಗಲನ್ನೂ ಹಿಡಿಯದೆ ಭದ್ರಾ ಸೇತುವೆಯ ತನಕ ನಡೆದು ಹೋಗಿ ಬಂದ. ಅತ್ತಿಗೆ ಬಾಗಿಲಲ್ಲೇ ನಿಂತಿದ್ದರಂತೆ. ಬಂದವನನ್ನು ಬೈದರಂತೆ, ಆಮೇಲೆ ಒಳಗೆ ಹೋಗಿ ವಿಭೂತಿ ಹಚ್ಚಿಕೊಂಡು ತುಂಬ ಹೊತ್ತು ಕೂತಿದ್ದರಂತೆ.

ಆದರೆ ಇಂಜೆಕ್ಷನ್ ಮೈಯನ್ನು ಸುಸ್ತು ಮಾಡುತ್ತಿತ್ತು. ರಕ್ತ ಕಡಿಮೆಯಾಗುತ್ತಿತ್ತು, ಊಟ ಸೇರುತ್ತಿರಲಿಲ್ಲ, ಪಾದ ಉರಿಯುತ್ತಿತ್ತು. ಡಾಕ್ಟರು ಅತ್ತಿಗೆಯನ್ನು ಕೇಳಿದ್ದರು, ಬೇರೆ ಯಾವುದಾದರೂ ಔಷಧಿ ಕೊಡುತ್ತಿದ್ದೀರಾ, ಕಷಾಯ, ಭಸ್ಮ, ಊರ ಕಡೆಯ ಬೇರು ಗೀರು? ಕೊಡಬೇಡಿ. ಅತ್ತಿಗೆ ಅಂದೇ ಮನೆಗೆ ಬಂದು ಪಂಡಿತರ ಲೇಹ್ಯದ ಡಬ್ಬಿಯನ್ನು ಚರಂಡಿಗೆ ಎಸೆದರು. ನೆಂಟರೊಬ್ಬರು ತಂದುಕೊಟ್ಟ ಅಮೃತಬಳ್ಳಿಯನ್ನು ಅವರೆದುರಿಗೇ ಬೇಲಿಯಾಚೆ ಹಾಕಿ ನಿಷ್ಠುರವಾದರು. ಅಷ್ಟು ಕಟ್ಟುನಿಟ್ಟು.

ನೆಲ್ಲಿಕಾಯಿ ಮಾತ್ರ ಬಿಡಲಿಲ್ಲ. ಯಾಕೆಂದರೆ ನೆಲ್ಲಿಕಾಯಿ ಔಷಧಿಯಲ್ಲ, ಊಟ. ನಮ್ಮ ಕಡೆ ಕಾರ್ತಿಕದಲ್ಲಿ ಬೆಟ್ಟದ ನೆಲ್ಲಿ ಮೂಟೆಗಟ್ಟಲೆ ಪೇಟೆಗೆ ಬರುತ್ತದೆ. ಹಸಿಯದ್ದು ಉಪ್ಪಿಗೆ, ರಸಕ್ಕೆ; ಉಳಿದದ್ದನ್ನು ಜಜ್ಜಿ ಒಣಗಿಸಿ ನೆಲ್ಲಿಚಟ್ಟು ಮಾಡಿಟ್ಟರೆ ವರ್ಷವಿಡೀ ತಂಬುಳಿ. ಬಾಣಂತಿಗೆ ಅದೇ, ಜ್ವರ ಬಿಟ್ಟವರಿಗೆ ಅದೇ, ಬಾಯಿ ರುಚಿ ಕೆಟ್ಟವರಿಗೆ ಅದೇ. ಅನ್ನ ಸಾರು ಕೊಡುತ್ತೀರಾ ಎಂದು ಡಾಕ್ಟರು ಕೇಳಿದರೆ ಹೌದು ಅನ್ನಬಹುದು, ಔಷಧಿ ಕೊಡುತ್ತೀರಾ ಎಂದು ಕೇಳಿದರೆ ನೆಲ್ಲಿಯ ನೆನಪು ಯಾರಿಗೆ ಬರುತ್ತದೆ? ಅತ್ತಿಗೆ ಬೆಳಗ್ಗೆ ಎದ್ದ ಕೂಡಲೇ ನೆಲ್ಲಿ ಜಜ್ಜಿ, ಹಸಿಯದ್ದು ಸಿಗದ ಕಾಲದಲ್ಲಿ ಚಟ್ಟನ್ನೇ ನೆನೆಸಿ, ಬಟ್ಟೆಯಲ್ಲಿ ಹಿಂಡಿ, ಜೇನು ಬೆರೆಸಿ ಅಣ್ಣನ ಕೈಗೆ ಲೋಟ ಕೊಡುತ್ತಿದ್ದರು. ಅವನು ಮುಖ ಕಿವುಚಿ ಕುಡಿಯುತ್ತಿದ್ದ. ‘ರಕ್ತ ಆಗುತ್ತೆ, ಕುಡೀರಿ.’ ಎಷ್ಟೋ ಸಲ ನಾನೂ ಅಲ್ಲೇ ಕೂತಿರುತ್ತಿದ್ದೆ. ನನಗೂ ಅರ್ಧ ಲೋಟ ಸಿಗುತ್ತಿತ್ತು.

ಗುರುವಾರಗಳಲ್ಲಿ ಅತ್ತಿಗೆಯೂ ಜತೆಗೆ ಬರುತ್ತಿದ್ದರು, ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಕಾಯುತ್ತಿದ್ದ ಬೇರೆಯವರಿಗೂ ಇದನ್ನು ಹೇಳಿಕೊಟ್ಟರು. ಅಣ್ಣ ಎದ್ದು ಓಡಾಡುತ್ತಿದ್ದ ದಿನಗಳವು, ಹೇಳಿದ ಮಾತಿಗೆ ಬೆಲೆ ಇತ್ತು.

ಆಮೇಲೆ ಬೆಲೆ ಹೋಯಿತು. ಇಳಿದಿದ್ದ ಅಂಕಿ ನಿಂತಿತು, ನಿಂತದ್ದು ಏರಿತು. ಡಾಕ್ಟರು ಔಷಧಿಯ ಜತೆ ಇನ್ನೊಂದು ಸೇರಿಸಿದರು, ಮುಖ ಸಣ್ಣದು ಮಾಡಿಕೊಂಡರು. ಅಂಕಿ ಏರಿದಷ್ಟೂ ಅತ್ತಿಗೆ ನೆಲ್ಲಿ ಹೆಚ್ಚಿಸಿದರು. ಬೆಳಗಿನ ಜತೆಗೆ ಸಂಜೆಯೂ ಬಂತು. ಅಣ್ಣ ಮಾತು ಕಡಿಮೆ ಮಾಡಿದ. ಯಾವುದನ್ನೂ ತಟ್ಟಿ ನೋಡುತ್ತಿರಲಿಲ್ಲ. ಒಂದು ದಿನ ನಾನು ಹೋದಾಗ ಪಾದಗಳನ್ನು ನೀರಿನ ಬಕೆಟ್ಟಿನಲ್ಲಿಟ್ಟುಕೊಂಡು ಕೂತಿದ್ದವನು, ‘ಏನೋ ಪ್ರೊಫೆಸರೇ, ನಿನ್ನ ಕುಲುಮೆ ಬಾಯಿ ಸರಿಯಾಗಿ ಮುಚ್ತಾ ಇಲ್ವಲ್ಲೋ’ ಅಂದ. ಆಪಾದನೆಯಲ್ಲ, ತಮಾಷೆಗೇ ಅಂದದ್ದು. ಕೋಶಗಳು ಔಷಧಿಗೆ ಹೊಂದಿಕೊಂಡುಬಿಡುತ್ತವೆ ಎಂದೇನೋ ಹೇಳಿದೆ.

ಆಷಾಢದಲ್ಲಿ ಹೋದ. ನಮ್ಮ ಪದ್ಧತಿಯಂತೆ ಕೂರಿಸಿಯೇ ಮಣ್ಣು ಮಾಡಿದೆವು. ಗುಂಡಿಯೊಳಗೆ ಇಳಿಸಿ ಒರಗಿಸುವಾಗ, ಮೆಲ್ಲಗೆ, ಬೆನ್ನು ನೋಯುತ್ತೆ ಎಂದು ನಾನು ಹೇಳಿಬಿಟ್ಟೆ. ಹಿಡಿದಿದ್ದವರು ನಿಜವಾಗಿಯೂ ಮೆಲ್ಲಗೆ ಒರಗಿಸಿದರು.

ಅತ್ತಿಗೆ ಜನ್ನಾಪುರದಲ್ಲೇ ಉಳಿದರು. ನಾವು ಕರೆದರೂ ಬರಲಿಲ್ಲ. ಹಪ್ಪಳ ಸಂಡಿಗೆ ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದರು, ಸೋಮವಾರಕ್ಕೊಮ್ಮೆ ದೇವಸ್ಥಾನಕ್ಕೆ ಹೋಗಿ ಬರುತ್ತಿದ್ದರು. ಮೊದಲೂ ಹೋಗುತ್ತಿದ್ದರು, ಈಗ ಹೋದರೆ ಬೇಗ ಬರುತ್ತಿರಲಿಲ್ಲ. ದುಃಖ ಇರುತ್ತೆ ಎಂದು ನಾನೂ ಕೆದಕಲಿಲ್ಲ.

ವರ್ಷ ಕಳೆದ ಮೇಲೆ, ಬೇಸಿಗೆಯಲ್ಲಿ, ಮೇಷ್ಟ್ರುಗಳಿಗೆಂದು ಒಂದು ಪುನಶ್ಚೇತನ ಶಿಬಿರ ನಡೆಯಿತು. ಇಂಥವಕ್ಕೆ ನಾವು ಹೋಗುವುದು ಊಟಕ್ಕೆ ಮತ್ತು ಸರ್ಟಿಫಿಕೇಟಿಗೆ. ಊರ ಹೊರಗಿನಿಂದ ಬಂದಿದ್ದ ಒಬ್ಬ ಯುವ ವಿಜ್ಞಾನಿ ನನ್ನ ಅದೇ ಕಿಣ್ವದ ಬಗ್ಗೆ ಮಾತಾಡಿದ. ಬಹಳ ಚೆನ್ನಾಗಿಯೇ ಮಾತಾಡಿದ. ಕಿಣ್ವದ ಬಾಯಿ ಮುಚ್ಚುವುದು ಒಂದು ದಾರಿಯಾಯಿತು. ಕೆಟ್ಟ ಪ್ರೋಟೀನಿನ ಮೇಲೆ ಬಿದ್ದ ಗುರುತನ್ನು ಅಳಿಸುವ ಇನ್ನೊಂದು ಬಗೆಯ ಕಿಣ್ವಗಳಿವೆ, ನಾಳೆ ಅವುಗಳನ್ನೂ ಹಿಡಿಯಬಹುದು. ಎಷ್ಟೋ ಕಾಯಿಲೆಗಳಿಗೆ ಇಲ್ಲಿಂದಲೇ ಔಷಧಿ ಬರುತ್ತದೆ ಎಂದು ಅವನ ಉತ್ಸಾಹ. ನಾಳೆ ಬರುವ ಔಷಧಿಗಳ ಬಗ್ಗೆ ಕೇಳುವಾಗ ನನಗೆ ಸಂತೋಷಕ್ಕಿಂತ ಸಿಟ್ಟೇ ಬರುತ್ತದೆ. ಅಷ್ಟರಲ್ಲಿ ಅವನು ದಾರಿಯಲ್ಲಿ ಸಿಕ್ಕಿದ ಮಾತೊಂದನ್ನು ಹೇಳುವ ಹಾಗೆ ಹೇಳಿದ: ಈ ಔಷಧಿಯ ಅಣುವಿನಲ್ಲಿ ಬೋರಾನ್ ಇದೆ, ಕಿಣ್ವಕ್ಕೆ ಕಚ್ಚಿಕೊಳ್ಳುವ ಹಲ್ಲೇ ಅದು. ಮಜಾ ಏನೆಂದರೆ, ಸಿ ವಿಟಮಿನ್ ಜಾಸ್ತಿ ಇದ್ದರೆ ಅದೇ ಹೋಗಿ ಆ ಬೋರಾನನ್ನು ಹಿಡಿದುಕೊಳ್ಳುತ್ತದೆ, ಔಷಧಿ ಕಿಣ್ವದ ತನಕ ತಲುಪುವುದೇ ಇಲ್ಲ. ಗಾಜಿನ ತಟ್ಟೆಯಲ್ಲಿ, ಇಲಿಗಳಲ್ಲಿ ಕಂಡಿದೆ. ಮನುಷ್ಯರಲ್ಲಿ ಎಷ್ಟರ ಮಟ್ಟಿಗೆ ಎಂದು ಗೊತ್ತಿಲ್ಲ, ಆದರೆ ಚಿಕಿತ್ಸೆಯ ಕಾಲದಲ್ಲಿ ತಗೊಳ್ಳದಿರುವುದೇ ಕ್ಷೇಮ.

ಮಜಾ ಏನೆಂದರೆ. ಆ ಮಾತು ಅವನ ಬಾಯಿಂದ ಹಾಗೇ ಬಂತು, ಅವನ ತಪ್ಪೇನಿಲ್ಲ. ನಾನು ಎದ್ದು ಹೊರಗೆ ಬಂದು ನಲ್ಲಿಯ ಹತ್ತಿರ ನಿಂತೆ. ಸಿ ವಿಟಮಿನ್ ಅಂದರೆ ನೆಲ್ಲಿಕಾಯಿ ಎಂಬುದನ್ನು ನಾನು ಎಷ್ಟು ವರ್ಷದಿಂದ ಹುಡುಗರಿಗೆ ಬಾಯಿಪಾಠ ಮಾಡಿಸಿಲ್ಲ!

ಅಣ್ಣನ ಸಾವಿಗೆ ನೆಲ್ಲಿಯೇ ಕಾರಣ ಎಂದು ನಾನು ಹೇಳಲಾರೆ. ಆ ಕಾಯಿಲೆ ಯಾರನ್ನೂ ಪೂರ್ತಿ ಬಿಡುವಂಥದಲ್ಲ, ಔಷಧಿ ಒಳ್ಳೆಯದಾಗಿ ಹತ್ತಿದವರಲ್ಲೂ ಒಂದು ದಿನ ಮರಳುತ್ತದೆ. ಆದರೆ ಕಾರಣವೇ ಅಲ್ಲ ಎಂದೂ ಹೇಳಲಾರೆ. ಬಾಯಲ್ಲಿ ಬಿಸಿತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಹೋದವನು ಹೋದ, ಹಿಂಡಿ ಕೊಟ್ಟ ಕೈಗೆ ಈಗ ಬರೆ ಹಾಕಿ ಏನು ಸಿಗುತ್ತದೆ? ಹೇಳುವುದಿಲ್ಲ ಎಂದು ತೀರ್ಮಾನಿಸಿದೆ. ಆ ಮಳೆಗಾಲವಿಡೀ ಜನ್ನಾಪುರಕ್ಕೆ ಹೋದಾಗಲೆಲ್ಲ ಅತ್ತಿಗೆ ನೆಲ್ಲಿಚಟ್ಟಿನ ತಂಬುಳಿ ಬಡಿಸುತ್ತಿದ್ದರು, ನಾನು ತಲೆ ಎತ್ತದೆ ಉಣ್ಣುತ್ತಿದ್ದೆ.

ಕಾರ್ತಿಕದಲ್ಲಿ ಒಂದು ದಿನ ಭದ್ರಾವತಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಭಾಯಿಯ ಓಮ್ನಿ ಬಂದು ನಿಂತಿತು. ಖಾಲಿ ಹೋಗುತ್ತಿದ್ದರು, ಹತ್ತಿಸಿಕೊಂಡರು. ಓಲ್ಡ್ ಟೌನಿನ ಒಬ್ಬ ತಾಯಿಯನ್ನು ನರ್ಸಿಂಗ್ ಹೋಮಿಗೆ ಬಿಟ್ಟು ಬಂದಿದ್ದರಂತೆ, ಸಂಜೆ ಮತ್ತೆ ಹೋಗಿ ಕರೆತರಬೇಕಂತೆ.

‘ನಿಮ್ಮಣ್ಣಂದೇ ಕೇಸು ಸಾರ್. ಅದೇ ಇಂಜೆಕ್ಷನ್. ಪಾಪ, ಮೊನ್ನೆ ಮೊನ್ನೆ ಶುರು ಮಾಡಿದಾರೆ’ ಎಂದರು ಭಾಯಿ. ಮುಂದಿನ ಗಾಜಿನ ಹತ್ತಿರ ಒಂದು ಖಾಲಿ ಬಾಟಲಿ ಉರುಳಾಡುತ್ತಿತ್ತು. ಅದನ್ನು ತೋರಿಸಿ ನಕ್ಕರು. ‘ನಿಮ್ಮ ಅತ್ತಿಗೆಯೋರು ಪ್ರತಿ ಗುರುವಾರ ಇದರಲ್ಲಿ ಆಮ್ಲಾ ರಸ ಕಳಿಸ್ತಾರೆ. ಇಂಜೆಕ್ಷನ್‌ಗೆ ಮುಂಚೆ ಕುಡ್ಸಿ, ತಾಕತ್ತು ಬರುತ್ತೆ ಅಂತ. ಒಂದು ಪೈಸಾ ಮುಟ್ಟಲ್ಲ. ಅಂಥೋರು ಎಲ್ಲಿ ಸಿಗ್ತಾರೆ ಸಾರ್.’

ನನ್ನ ತೀರ್ಮಾನ ಅಲ್ಲೇ ಮುರಿದು ಬಿತ್ತು. ಆದರೂ ಹೇಡಿತನಕ್ಕೆ ದಾರಿ ನೂರು. ಭಾಯಿಗೆ ವಿಷಯ ಹೇಳಿದೆ. ಬಾಟಲಿ ಇಸ್ಕೊಳ್ಳಿ, ಆದರೆ ಅವರಿಗೆ ಕೊಡಬೇಡಿ, ದಾರಿಯಲ್ಲಿ ಚೆಲ್ಲಿಬಿಡಿ, ಅತ್ತಿಗೆಗೆ ಗೊತ್ತಾಗುವುದು ಬೇಡ ಎಂದೆ. ಅವರು ಗಾಡಿಯ ವೇಗ ಕಡಿಮೆ ಮಾಡಿದರು. ಮಾಚೇನಹಳ್ಳಿಯ ಹತ್ತಿರ ಇದ್ದೆವು.

‘ಬಾಟ್ಲಿ ಕೊಡುವಾಗ ಅವರು ಎರಡೂ ಕೈಲಿ ಹಿಡ್ಕೊಂಡು ಕೊಡ್ತಾರೆ ಸಾರ್. ನಾನು ಅದನ್ನ ರೋಡಲ್ಲಿ ಚೆಲ್ಲಲಾ? ನನ್ನ ಕೈಲಿ ಆಗಲ್ಲ. ಆ ತಾಯಿಯ ಮಗಳು ವಾರಕ್ಕೊಂದು ಸಲ ನಿಮ್ಮ ಅತ್ತಿಗೆ ಹತ್ರ ಬಂದು ಕೂತ್ಕೋತಾಳೆ. ಇವತ್ತಲ್ಲ ನಾಳೆ ಗೊತ್ತಾಗುತ್ತೆ. ನೀವೇ ಹೇಳಿ.’

ಮನೆಯ ಮುಂದೆ ಇಳಿಸಿ, ಭಾಯಿ ಒಳಗೆ ಬರದೆ ತಮ್ಮ ಜಗಲಿಯಲ್ಲಿ ಕೂತರು.

ಅತ್ತಿಗೆ ಅಡುಗೆಮನೆಯಲ್ಲಿ ಈಳಿಗೆಮಣೆಯ ಮುಂದೆ ಕೂತಿದ್ದರು. ಬುಟ್ಟಿಯ ತುಂಬ ಹಸಿ ನೆಲ್ಲಿ. ‘ಹೇಳದೆ ಕೇಳದೆ ಬಂದ್ಯಲ್ಲ ಮಾರಾಯ, ಅನ್ನಕ್ಕೆ ಇಡ್ಲಾ?’ ಎಂದರು. ಬೇಡ ಎಂದು ಎದುರಿಗೆ ಕೂತೆ. ಸುತ್ತಿಬಳಸಿ ಹೇಳಲು ಒಂದು ಮಾತೂ ಸಿದ್ಧವಿರಲಿಲ್ಲ.

‘ಅತ್ತಿಗೆ, ಆ ಓಲ್ಡ್ ಟೌನಿನವರಿಗೆ ಇನ್ಮೇಲೆ ನೆಲ್ಲಿರಸ ಕಳಿಸ್ಬೇಡಿ.’

‘ಯಾಕೆ, ಕುಡೀತಿಲ್ವಂತಾ? ಒಗರು ಅಂತಾರೆ, ಜೇನು ಜಾಸ್ತಿ ಹಾಕಿದ್ರಾಯ್ತು.’

‘ಕುಡೀತಿದಾರೆ. ಅದಕ್ಕೇ ಬೇಡ ಅಂದದ್ದು.’

ಹೇಳಿದೆ. ಬೋರಾನ್ ಗೀರಾನ್ ಬಿಟ್ಟು, ನೆಲ್ಲಿಯ ಸತ್ವ ಆ ಇಂಜೆಕ್ಷನ್ನನ್ನು ದಾರಿಯಲ್ಲೇ ಹಿಡಿದು ನಿಲ್ಲಿಸುತ್ತದಂತೆ, ಈಗೀಗ ಗೊತ್ತಾಗುತ್ತಿದೆ, ಆಗ ಡಾಕ್ಟರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ ಎಂದೆ. ಗೊತ್ತಿರಲಿಲ್ಲ ಎಂಬುದನ್ನು ಅಷ್ಟು ಸಲ ಹೇಳಿದ್ದು ನನಗೇ ಕೇಳಿಸಿತು.

ಅತ್ತಿಗೆ ಕೈಯಲ್ಲಿದ್ದ ಕಾಯನ್ನು ಬುಟ್ಟಿಗೆ ಹಾಕಿದರು. ಎದ್ದು, ಹಿತ್ತಲ ಬಾಗಿಲಿಗೆ ಹೋಗಿ, ಕಾಂಪೌಂಡಿನಾಚೆಗೆ ಭಾಯಿಯನ್ನು ಕೂಗಿದರು. ‘ಸಂಜೆ ಆ ತಾಯಿನ ಕರ್ಕೊಂಡು ಬರೋಕೆ ಹೋಗ್ತೀರಲ್ಲ, ನೆಲ್ಲಿರಸ ಬಿಟ್ಟುಬಿಡಿ ಅಂತ ಹೇಳಿ. ಮನೇಲೂ ಮಾಡ್ಕೋಬೇಡಿ ಅನ್ನಿ. ನಾನೇ ತಪ್ಪು ಹೇಳಿದ್ದೆ ಅಂತ ಹೇಳಿ.’ ಧ್ವನಿ ಎಂದಿನಂತೆಯೇ ಇತ್ತು. ವಾಪಸ್ಸು ಬಂದು ಅದೇ ಜಾಗದಲ್ಲಿ ಕೂತರು.

‘ನಿಮ್ಮಣ್ಣನಿಗೂ ಹಂಗೇ ಆಯ್ತಾ?’

ಇದಕ್ಕೆ ಮಾತ್ರ ನಾನು ಒಂದು ಉತ್ತರವನ್ನು ಮಳೆಗಾಲದಿಂದ ಮಾಡಿಟ್ಟುಕೊಂಡಿದ್ದೆ. ಅತ್ತಿಗೆಯ ತವರಿನಲ್ಲಿ ಭಾನುವಾರ ನೆಲ್ಲಿ ಮುಟ್ಟುವುದಿಲ್ಲ. ತಿಂದರೆ ಮನೆಗೆ ಕೇಡು ಎಂದು ಹಿಂದಿನಿಂದ ಬಂದ ಮಾತು, ಬಹಳ ಮನೆಗಳಲ್ಲಿದೆ. ಅವರು ಆ ಕ್ರಮವನ್ನು ಇಲ್ಲಿಗೂ ತಂದಿದ್ದರು, ನಾನು ಎಷ್ಟೋ ಸಲ ರೇಗಿಸಿದ್ದೆ. ಸೋಮವಾರ ಪೂಜೆ ಮುಗಿಯದೆ ಒಲೆಯನ್ನೂ ಹಚ್ಚುವವರಲ್ಲ, ಒರಳನ್ನೂ ಮುಟ್ಟುವವರಲ್ಲ. ಅಣ್ಣ ಅಷ್ಟರಲ್ಲಿ ಆಸ್ಪತ್ರೆಗೆ ಹೊರಟಿರುತ್ತಿದ್ದ. ಆ ಸತ್ವ ಒಂದು ದಿನದಲ್ಲಿ ಬಹುಪಾಲು ಮೈಯಿಂದ ಇಳಿದುಹೋಗುತ್ತದೆ. ಅಂದಮೇಲೆ ಸೋಮವಾರದ ಇಂಜೆಕ್ಷನ್‌ಗಳಿಗೆ ಅಡ್ಡಿಯೇನೂ ಆಗಿರಲಾರದು. ಅರ್ಧವಾದರೂ ಉಳಿಯಿತು. ಅವರ ಕ್ರಮವೇ ಅಣ್ಣನಿಗೆ ಆ ಅರ್ಧವನ್ನು ಉಳಿಸಿಕೊಟ್ಟಿತು. ಇದು ಸುಳ್ಳಲ್ಲ, ಲೆಕ್ಕಾಚಾರ ಸರಿಯಾಗಿಯೇ ಇತ್ತು. ಅದನ್ನು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೂ ಆಯಿತು.

‘ಭಾನುವಾರ ನೀವು ಕೊಡ್ತಿರ್ಲಿಲ್ಲವಲ್ಲ ಅತ್ತಿಗೆ. ಹಂಗಾಗಿ ಸೋಮವಾರದ್ದೆಲ್ಲ ಸರಿಯಾಗೇ ಕೆಲಸ ಮಾಡಿರುತ್ತೆ.’

ಅವರು ನನ್ನನ್ನು ನೋಡಲಿಲ್ಲ. ಈಳಿಗೆಯ ಅಲಗಿಗೆ ಅಂಟಿದ್ದ ತಿರುಳನ್ನು ಬೆರಳಲ್ಲಿ ಒರೆಸುತ್ತಿದ್ದರು.

‘ಕೊಡ್ತಿದ್ದೆ’ ಎಂದರು. ‘ಕಾಯಿಲೆ ತಿರುಗಿ ಏರಿದ ಮೇಲೆ ಭಾನುವಾರಾನೂ ಕೊಡೋಕೆ ಶುರು ಮಾಡ್ದೆ. ಒಂದು ದಿನ ತಪ್ಪಿದ್ರೂ ರಕ್ತ ಇಳಿಯುತ್ತೇನೋ ಅಂತ ಭಯ. ಅವರು ಬೇಡ ಅಂದ್ರು, ಇವತ್ತು ಭಾನುವಾರ ಕಣೇ ಅಂದ್ರು. ನಾನೇ ಬಲವಂತ ಮಾಡಿ ಕುಡಿಸ್ದೆ. ಯಾರಿಗೂ ಹೇಳ್ಬೇಡಿ ಅಂದಿದ್ದೆ.’

ನನ್ನ ಲೆಕ್ಕಾಚಾರ ಬಾಯಲ್ಲೇ ಒಣಗಿತು.

‘ಅದಕ್ಕೇ ಹೋದ್ರು ಅಂತ ನನಗೆ ಗೊತ್ತಿತ್ತು. ಮುಟ್ಟಬಾರದ ದಿನ ಮುಟ್ಟಿ ಕೊಟ್ಟೆ ಅಂತ. ಪ್ರತಿ ಸೋಮವಾರ ಗುಡಿಗೆ ಹೋಗಿ ತಪ್ಪಾಯ್ತು ಅಂತ ಕೇಳ್ಕೋತೀನಿ. ಬೇರೆ ದಿನ ಕೊಟ್ಟಿದ್ರಿಂದ ಅಷ್ಟು ದಿನವಾದ್ರೂ ಉಳಿದ್ರು, ಅದಾದ್ರೂ ನನ್ನ ಕೈಲಿ ಆಯ್ತು ಅಂತ ಸಮಾಧಾನ ಮಾಡ್ಕೋತಿದ್ದೆ. ಅದಕ್ಕೇ ಆ ತಾಯಿಗೂ ಭಾನುವಾರ ಬಿಟ್ಟು ಕೊಡಿ ಅಂತ ಹೇಳಿ ಕಳಿಸ್ತಿದ್ದೆ.’

ಏನಾದರೂ ಹೇಳಬೇಕಿತ್ತು. ನೆಲ್ಲಿ ಕೊಡದಿದ್ದರೂ ಆ ಕಾಯಿಲೆ ಮತ್ತೆ ಬರುತ್ತಿತ್ತು, ಅದು ಹಾಗೆಯೇ ಎಂದೆ. ಖಂಡಿತವಾಗಿ ಯಾರೂ ಹೇಳಲಾರರು ಎಂದೆ. ಎರಡೂ ನಿಜ. ಮೂವತ್ತು ಹುಡುಗರ ಮುಂದೆ ನಿಂತು ಹೇಳಿದ್ದರೆ ಚೆನ್ನಾಗಿ ಕೇಳುತ್ತಿತ್ತು.

ಅತ್ತಿಗೆ ಅಳಲಿಲ್ಲ. ಬುಟ್ಟಿಯನ್ನು ಹತ್ತಿರಕ್ಕೆಳೆದುಕೊಂಡು ಒಂದೊಂದೇ ಕಾಯಿಯನ್ನು ಕೈಯಾಡಿಸಿ ನೋಡುತ್ತ ಬಹಳ ಹೊತ್ತು ಕೂತರು. ಆಮೇಲೆ ನನಗೆ ಹೇಳಿದರೋ ತಮ್ಮಷ್ಟಕ್ಕೆ ಹೇಳಿಕೊಂಡರೋ ತಿಳಿಯದಷ್ಟು ಮೆಲ್ಲಗೆ ಹೇಳಿದರು.

‘ನಾನು ಭಾನುವಾರದ್ದೊಂದೇ ಅಂದ್ಕೊಂಡಿದ್ದೆ.’